ಹೊಸ್ತಿಲು ದಾಟದ ಮದ್ದು

ನಮ್ಮ ದೊಡ್ಡಮ್ಮನ ಮಗನಿಗೆ ಕಿವಿ ಕೇಳಿಸದು. ಅಣ್ಣನ ಹತ್ತಿರ ಮಾತಾಡಬೇಕೆಂದರೆ ಎದುರಿಗೆ ಹೋಗಿ ನಿಂತು, ಭುಜ ಮುಟ್ಟಿ, ತುಟಿಗಳನ್ನು ನಿಧಾನವಾಗಿ ಆಡಿಸಿ ಹೇಳುವುದು ನಮ್ಮ ಮನೆಯಲ್ಲಿ ಚಿಕ್ಕಂದಿನಿಂದಲೂ ರೂಢಿ. ಹೊಸದಾಗಿ ಬಂದ ಸೊಸೆಯಂದಿರಿಗೆ ಅಡುಗೆಮನೆಯ ಡಬ್ಬಗಳನ್ನು ತೋರಿಸುವ ಮೊದಲು ದೊಡ್ಡಮ್ಮ ಇದನ್ನು ಕಲಿಸುತ್ತಿದ್ದರು.

ಅವನು ಹುಟ್ಟುಕಿವುಡನಲ್ಲ. 1953ರಲ್ಲಿ, ಆರು ವರ್ಷದವನಿದ್ದಾಗ, ಅವನಿಗೆ ಮಿದುಳು ಜ್ವರ ಬಂತು. ಮೊದಲು ಎರಡು ವಾರ ಸಣ್ಣ ಜ್ವರ, ತಲೆನೋವು, ವಾಂತಿ. ಆಮೇಲೆ ಕತ್ತು ಸೆಟೆದುಕೊಂಡಿತು, ಕರೆದರೆ ಕಣ್ಣು ಬಿಡದಂತಾಯಿತು. ದೊಡ್ಡ ಊರಿನ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಬೆನ್ನಿನ ನೀರು ತೆಗೆದು ನೋಡಿ, ಇದು ಮಿದುಳಿನ ಪೊರೆಗೆ ತಗುಲಿದ ಕ್ಷಯ ಎಂದರು. ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಸ್ಟ್ರೆಪ್ಟೋಮೈಸಿನ್. ದಿನವೂ ಸೊಂಟಕ್ಕೊಂದು ಇಂಜೆಕ್ಷನ್, ಅದರ ಜೊತೆಗೆ ಮತ್ತೆ ಮತ್ತೆ ಬೆನ್ನುಮೂಳೆಯ ಸಂದಿಗೆ. ನಾಲ್ಕು ಜನ ಹಿಡಿದುಕೊಳ್ಳಬೇಕಿತ್ತಂತೆ. ದೊಡ್ಡಮ್ಮನ ಅವಲಕ್ಕಿ ಸರ ಆ ಔಷಧದ ಬಾಟಲಿಗಳಿಗೇ ಹೋಯಿತು. ಮಗು ಉಳಿಯಿತು, ಕಿವಿ ಹೋಯಿತು.

ದೊಡ್ಡಮ್ಮ ಈ ಕಥೆಯನ್ನು ಹೇಳುವಾಗಲೆಲ್ಲ ಒಂದು ಮಾತಿನಿಂದ ಮುಗಿಸುತ್ತಿದ್ದರು. “ತಲೆಗೆ ಹೋಗು ಅಂದ್ರೆ ಆ ಮದ್ದು ಹೋಗ್ಲಿಲ್ಲ ಕಣೆ, ಕಿವೀಗೆ ಹೋಗಿ ಕೂತ್ಕೊಂಡ್ತು.” ನಾನಾಗ ಬಿ.ಎಸ್ಸಿ. ಓದುತ್ತಿದ್ದ ಹುಡುಗಿ, ಎಲ್ಲ ತಿಳಿದವಳು! “ಮದ್ದು ರಕ್ತಕ್ಕೆ ಸೇರುತ್ತೆ ದೊಡ್ಡಮ್ಮ. ರಕ್ತ ಎಲ್ಲಾ ಕಡೆ ಹೋಗುತ್ತೆ, ಮದ್ದೂ ಎಲ್ಲಾ ಕಡೆ ಹೋಗುತ್ತೆ” ಎಂದು ತಿದ್ದಿದೆ. ಅವರು ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಿ ಕೇಳಿದರು, “ಎಲ್ಲಾ ಕಡೀಗೂ ಹೋಗೋ ಹಾಗಿದ್ರೆ, ಸೊಂಟಕ್ಕೆ ಕೊಟ್ಟ ಮೇಲೂ ಬೆನ್ನಿಗ್ಯಾಕೆ ಚುಚ್ತಿದ್ರು?”

ನನಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನಾನು ತಲುಪಿದ್ದು ಲೀನಾ ಸ್ಟರ್ನ್ ಎಂಬ ಹೆಂಗಸಿನ ಬಳಿಗೆ. ನಮ್ಮಲ್ಲಿ ಅವರ ಹೆಸರು ಕೇಳಿದವರು ಕಡಿಮೆ. ಅವರ ಕಥೆಗೆ ಹೋಗುವ ಮೊದಲು ಮದ್ದಿನ ದಾರಿಯನ್ನು ಸ್ವಲ್ಪ ತಿಳಿಯಬೇಕು.

ತಲೆನೋವಿನ ಮಾತ್ರೆ ತಲೆಗೆ ಹೋಗುತ್ತದೆ, ಮಂಡಿನೋವಿನ ಮಾತ್ರೆ ಮಂಡಿಗೆ ಹೋಗುತ್ತದೆ ಎಂದು ನಮಗೆಲ್ಲ ಒಳಗೊಳಗೇ ಒಂದು ನಂಬಿಕೆ. ಮಾತ್ರೆಗೇನು ಗೊತ್ತು ವಿಳಾಸ? ನುಂಗಿದ್ದು ಜಠರದಲ್ಲಿ ಕರಗುತ್ತದೆ, ಕರುಳಿನಿಂದ ರಕ್ತಕ್ಕೆ ಸೇರುತ್ತದೆ, ಮೊದಲು ಯಕೃತ್ತಿನ ಸುಂಕದ ಕಟ್ಟೆ ದಾಟುತ್ತದೆ. ಅಲ್ಲಿ ಒಂದಿಷ್ಟು ಮುರಿದುಹೋಗಿ, ಉಳಿದದ್ದು ಹೃದಯಕ್ಕೆ ಬರುತ್ತದೆ. ಸುಮ್ಮನೆ ಕುಳಿತಿರುವಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳುತ್ತದೆ. ನಮ್ಮ ಮೈಯಲ್ಲಿರುವ ರಕ್ತವೂ ಹೆಚ್ಚುಕಡಿಮೆ ಅಷ್ಟೇ. ಎಂದರೆ ಒಂದು ನಿಮಿಷದಲ್ಲಿ ಮದ್ದು ಮೈಯೆಲ್ಲ ಒಂದು ಸುತ್ತು ಹಾಕಿ ಬರುತ್ತದೆ.

ಸುತ್ತು ಹಾಕುವುದು ಬೇರೆ, ಇಳಿಯುವುದು ಬೇರೆ. ವೈದ್ಯರ ಪುಸ್ತಕದಲ್ಲಿ ಲೆಕ್ಕಕ್ಕೆ ಇಟ್ಟುಕೊಳ್ಳುವುದು 70 ಕೆ.ಜಿ. ತೂಕದ ಒಬ್ಬ ಗಂಡಸನ್ನು. ಅವನ ಮೈಯಲ್ಲಿ ಸುಮಾರು 42 ಲೀಟರ್ ನೀರು. ಅದರಲ್ಲಿ 28 ಲೀಟರ್ ಜೀವಕೋಶಗಳ ಒಳಗೆ, 14 ಲೀಟರ್ ಹೊರಗೆ. ಆ 14ರಲ್ಲಿ ರಕ್ತದ ತಿಳಿಯಾಗಿ ಹರಿಯುವುದು ಬರೀ 3 ಲೀಟರ್. ಕೆಲವು ಮದ್ದುಗಳು ಆ 3 ಲೀಟರ್ ಬಿಟ್ಟು ಕದಲುವುದೇ ಇಲ್ಲ. ಕೆಲವು ಕೋಶಗಳ ಹೊರಗಿನ ನೀರಿನವರೆಗೆ ಬಂದು ನಿಲ್ಲುತ್ತವೆ. ಸ್ಟ್ರೆಪ್ಟೋಮೈಸಿನ್ ಈ ಜಾತಿಯದು. ಇನ್ನು ಕೆಲವು ಕೋಶದೊಳಕ್ಕೂ ನುಗ್ಗುತ್ತವೆ, ಕೊಬ್ಬಿನಲ್ಲಿ ಸೇರಿಕೊಂಡು ದಿನಗಟ್ಟಲೆ ಹೊರಗೆ ಬರುವುದಿಲ್ಲ.

ಅಡುಗೆ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಪ್ಪು, ಹುಣಸೆ ನೀರಿನಲ್ಲಿ ಕರಗುತ್ತವೆ. ಅರಿಸಿನದ ಬಣ್ಣ ಎಣ್ಣೆಗೆ ಬಿಟ್ಟುಕೊಳ್ಳುವಷ್ಟು ನೀರಿಗೆ ಬಿಟ್ಟುಕೊಳ್ಳದು. ಮದ್ದುಗಳಲ್ಲೂ ಹೀಗೆಯೇ ನೀರಿನವು, ಎಣ್ಣೆಯವು ಎಂದು ಎರಡು ಪಂಗಡ. ಜೀವಕೋಶದ ಪೊರೆ ಕೊಬ್ಬಿನದಾದ್ದರಿಂದ ಎಣ್ಣೆಯ ಪಂಗಡದವು ಸಲೀಸಾಗಿ ದಾಟುತ್ತವೆ, ನೀರಿನವು ಬಾಗಿಲಲ್ಲಿ ಕಾಯುತ್ತವೆ. ಹೆಂಗಸರ ಮೈಯಲ್ಲಿ ನೀರಿನ ಪಾಲು ಗಂಡಸರಿಗಿಂತ ಸ್ವಲ್ಪ ಕಡಿಮೆ, ಕೊಬ್ಬಿನ ಪಾಲು ಹೆಚ್ಚು. ಆದ್ದರಿಂದ 70 ಕೆ.ಜಿ. ಗಂಡಸಿನ ಲೆಕ್ಕ ನಮಗೆ ಹಾಗೆಹಾಗೇ ಹೊಂದಬೇಕೆಂದಿಲ್ಲ.

ಮದ್ದು ಮೈಯಲ್ಲಿ ಮನೆ ಬದಲಾಯಿಸುವುದೂ ಉಂಟು. 1934ರಲ್ಲಿ ಬಳಕೆಗೆ ಬಂದ ಥಯೊಪೆಂಟಾಲ್ ಎಂಬ ಅರಿವಳಿಕೆ ನರಕ್ಕೆ ಚುಚ್ಚಿದ ಒಂದು ನಿಮಿಷದೊಳಗೆ ಮಂಪರು ತರಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಎಚ್ಚರವೂ ಆಗುತ್ತದೆ. ಮದ್ದು ಮುಗಿದುಹೋಗಿ ಎಚ್ಚರವಾಯಿತೇ? ಹಾಗೇನಿಲ್ಲ. ಅದು ಮಿದುಳಿನಿಂದ ಇಳಿದು ಮಾಂಸಖಂಡಗಳಿಗೆ ಹಂಚಿಹೋಗಿರುತ್ತದೆ, ಅಷ್ಟೆ. ಮಗುವಿನ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಟೆಟ್ರಾಸೈಕ್ಲಿನ್ ಕೊಟ್ಟರೆ ಅದು ಸುಣ್ಣದ ಅಂಶದೊಂದಿಗೆ ಹಲ್ಲಿನಲ್ಲೇ ಕೂತು ಹಳದಿ ಕಲೆಯಾಗಿ ಉಳಿದುಬಿಡುತ್ತದೆ. ಹೀಗೆ ಮದ್ದು “ಹೋಗಿ ಕೂತುಕೊಳ್ಳುವುದು” ನಿಜವೇ. ದೊಡ್ಡಮ್ಮನ ಮಾತಿನ ಅರ್ಧ ಅಲ್ಲಿಗೆ ಸರಿಯಾಯಿತು. ಉಳಿದರ್ಧಕ್ಕೆ ಜರ್ಮನಿಗೆ ಹೋಗಬೇಕು.

ಅಲ್ಲಿ 19ನೆಯ ಶತಮಾನದ ಕೊನೆಗೆ ಬಟ್ಟೆಗೆ ಹಾಕುವ ರಾಸಾಯನಿಕ ಬಣ್ಣಗಳ ಉದ್ಯಮ ಭರದಿಂದ ಬೆಳೆದಿತ್ತು. ಪಾಲ್ ಎರ್ಲಿಕ್ ಎಂಬ ತರುಣ ವೈದ್ಯರಿಗೆ ಈ ಬಣ್ಣಗಳ ಹುಚ್ಚು. ಪ್ರಾಣಿಗಳ ಮೈಗೆ ಬಣ್ಣವನ್ನು ಚುಚ್ಚಿ, ಯಾವ ಅಂಗ ಎಷ್ಟು ಬಣ್ಣ ಹೀರುತ್ತದೆ ಎಂದು ನೋಡುವುದು ಅವರ ಕೆಲಸ. 1885ರಲ್ಲಿ ಅವರು ಒಂದು ಸಂಗತಿಯನ್ನು ಬರೆದಿಟ್ಟರು. ರಕ್ತಕ್ಕೆ ಸೇರಿಸಿದ ಕೆಲವು ಬಣ್ಣಗಳು ಮೈಯ ಉಳಿದ ಅಂಗಗಳಿಗೆಲ್ಲ ಹತ್ತಿದರೂ ಮಿದುಳಿಗೆ ಮಾತ್ರ ಹತ್ತುವುದಿಲ್ಲ! ತೊಟ್ಟಿಯಲ್ಲಿ ಅದ್ದಿ ತೆಗೆದ ಬಿಳಿ ಸೀರೆಯಲ್ಲಿ ಒಂದು ಅಂಗೈಯಗಲ ಮಾತ್ರ ನೀಲಿ ಹತ್ತದೆ ಉಳಿದಂತೆ. ಮಿದುಳಿಗೆ ಆ ಬಣ್ಣಗಳನ್ನು ಹಿಡಿದಿಟ್ಟುಕೊಳ್ಳುವ ಗುಣ ಇಲ್ಲವೆಂದು ಎರ್ಲಿಕ್ ತಿಳಿದರು.

ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ ಅಷ್ಟಕ್ಕೇ ಬಿಡಲಿಲ್ಲ. 1909ರಲ್ಲಿ ಟ್ರಿಪಾನ್ ಬ್ಲೂ ಎಂಬ ಬಣ್ಣವನ್ನು ರಕ್ತಕ್ಕೆ ಕೊಟ್ಟು ನೋಡಿದರು. ಮೈಯೆಲ್ಲ ನೀಲಿಯಾಯಿತು, ಮಿದುಳು ಬೆಳ್ಳಗೇ ಉಳಿಯಿತು. 1913ರಲ್ಲಿ ಅದೇ ಬಣ್ಣವನ್ನು ಮಿದುಳು, ಬೆನ್ನುಹುರಿಗಳನ್ನು ತೊಳೆಯುತ್ತಿರುವ ತಿಳಿನೀರಿಗೇ ನೇರವಾಗಿ ಚುಚ್ಚಿದರು. ಈ ಸಲ ಮಿದುಳು ಕಡುನೀಲಿ, ಉಳಿದ ಮೈ ಬಿಳಿ! ಎಂದಮೇಲೆ ಮಿದುಳಿಗೆ ಬಣ್ಣ ಹಿಡಿಯದೆಂಬ ಮಾತು ಸುಳ್ಳಾಯಿತು. ರಕ್ತಕ್ಕೂ ಮಿದುಳಿಗೂ ನಡುವೆ ಯಾವುದೋ ಅಡ್ಡಿಯಿದೆ, ಬೆನ್ನುನೀರಿನ ಕಡೆಯಿಂದ ಬಂದರೆ ಆ ಅಡ್ಡಿ ಇಲ್ಲ ಎಂದಾಯಿತು. ದೊಡ್ಡಮ್ಮನ ಪ್ರಶ್ನೆಗೆ, ಅವರು ಕೇಳುವುದಕ್ಕೆ ಎಷ್ಟೋ ವರ್ಷ ಮೊದಲೇ, ಉತ್ತರ ಸಿದ್ಧವಾಗಿತ್ತು.

ಈ ಅಡ್ಡಿಯ ಕೆಲಸವೇನೆಂದು ತಿಳಿದು, ಅದಕ್ಕೊಂದು ಹೆಸರು ಕೊಟ್ಟವರು ಲೀನಾ ಸ್ಟರ್ನ್.

ಲೀನಾ ಹುಟ್ಟಿದ್ದು 1878ರಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯದ ಲಿಬಾವು ಎಂಬ ಬಂದರು ಪಟ್ಟಣದಲ್ಲಿ. ಇಂದು ಅದು ಲಾಟ್ವಿಯಾ ದೇಶದಲ್ಲಿದೆ. ಯಹೂದಿ ವ್ಯಾಪಾರಿಯ ಮನೆ. ರಷ್ಯಾದಲ್ಲಿ ಯಹೂದಿಗಳಿಗೆ ವಿಶ್ವವಿದ್ಯಾಲಯದ ಬಾಗಿಲು ಅರ್ಧ ಮುಚ್ಚಿತ್ತು, ಹೆಂಗಸರಿಗೆ ಇನ್ನರ್ಧ. ಹೀಗಾಗಿ ಅವರು ಸ್ವಿಟ್ಜರ್ಲೆಂಡಿನ ಜಿನೀವಾಕ್ಕೆ ಹೋಗಿ ವೈದ್ಯಕೀಯ ಓದಿದರು. ಅಲ್ಲಿ ಬಟೆಲ್ಲಿ ಎಂಬ ವಿಜ್ಞಾನಿಯೊಂದಿಗೆ ಸೇರಿ ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳುವ ಬಗೆಯನ್ನು ಕುರಿತು ವರ್ಷಗಟ್ಟಲೆ ದುಡಿದರು. 1918ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪ್ರೊಫೆಸರ್ ಆದರು. ಆಗ ಅವರಿಗೆ ನಲವತ್ತು ವರ್ಷ. ಮದುವೆಯಾಗಲಿಲ್ಲ.

ಅಲ್ಲಿಯೇ ರೇಮಂಡ್ ಗೋತಿಯೆ ಎಂಬ ಸಹೋದ್ಯೋಗಿಯೊಂದಿಗೆ ಅವರು ಹೊಸ ಪ್ರಯೋಗಗಳನ್ನು ಹಿಡಿದರು. ಪ್ರಾಣಿಗಳ ರಕ್ತಕ್ಕೆ ಒಂದೊಂದಾಗಿ ಬೇರೆ ಬೇರೆ ವಸ್ತುಗಳನ್ನು ಕೊಡುವುದು. ಅವು ಮಿದುಳಿಗೆ, ಮಿದುಳು ನೀರಿಗೆ ಬಂದಿವೆಯೇ ಎಂದು ಹುಡುಕುವುದು. ಕೆಲವು ಬಂದಿದ್ದವು, ಕೆಲವು ಬರಲಿಲ್ಲ. ಬಾರದ ವಸ್ತುವನ್ನು ಮಿದುಳು ನೀರಿಗೇ ಕೊಟ್ಟರೆ ಕೆಲಸ ಮಾಡುತ್ತಿತ್ತು. ಇದರಿಂದ ಲೀನಾ ತಿಳಿದದ್ದೇನೆಂದರೆ, ಅಲ್ಲಿರುವುದು ಎಲ್ಲವನ್ನೂ ತಡೆಯುವ ಮೊಂಡುಗೋಡೆಯಲ್ಲ. ಬೇಕಾದದ್ದನ್ನು ಬಿಟ್ಟು ಬೇಡದ್ದನ್ನು ತಡೆಯುವ, ಮಿದುಳಿನ ಸುತ್ತಲಿನ ಹದವನ್ನು ಒಂದೇ ಸಮನಾಗಿ ಕಾಯುವ ವ್ಯವಸ್ಥೆ. 1921ರ ಏಪ್ರಿಲ್ ತಿಂಗಳಲ್ಲಿ ಜಿನೀವಾದ ವಿಜ್ಞಾನ ಸಂಘದ ಮುಂದೆ ಅವರು ಇದನ್ನು ಫ್ರೆಂಚ್ ಭಾಷೆಯಲ್ಲಿ “ರಕ್ತ-ಮಿದುಳು ತಡೆ” ಎಂದು ಕರೆದರು. ಇಂದು ಜಗತ್ತಿನ ಪ್ರತಿಯೊಬ್ಬ ವೈದ್ಯಕೀಯ ವಿದ್ಯಾರ್ಥಿಯೂ ಈ ಹೆಸರನ್ನು ಬಾಯಿಪಾಠ ಮಾಡುತ್ತಾನೆ. ಹೆಸರಿಟ್ಟಾಕೆಯ ಹೆಸರು ಮಾತ್ರ ಎಷ್ಟೋ ಪುಸ್ತಕಗಳಲ್ಲಿ ಇಲ್ಲ.

ನನಗೆ ತಡೆಗೋಡೆ ಎನ್ನುವುದಕ್ಕಿಂತ ಹೊಸ್ತಿಲು ಎನ್ನುವುದೇ ಸರಿ ಎನ್ನಿಸುತ್ತದೆ. ಹೊಸ್ತಿಲಿಗೆ ದಿನವೂ ನೀರೆರೆದು ಅರಿಸಿನ ಕುಂಕುಮ ಇಡುವ ನಮಗೆ ಗೊತ್ತು, ಅದು ಯಾರನ್ನೂ ಬಾರದಂತೆ ಕಟ್ಟಿದ್ದಲ್ಲ. ಒಳಗೆ ಬರುವವರು ಯಾರೆಂದು ನೋಡುವ ಜಾಗ ಅದು.

1925ರಲ್ಲಿ ಲೀನಾ ಸ್ಟರ್ನ್ ಜಿನೀವಾದ ನೆಮ್ಮದಿಯ ಹುದ್ದೆಯನ್ನು ಬಿಟ್ಟು ಮಾಸ್ಕೋಗೆ ಹೊರಟರು. ಹೊಸ ಸೋವಿಯತ್ ದೇಶ ಕರೆದಿತ್ತು, ಹೊಸ ಸಮಾಜದ ಕನಸು ಅವರಿಗೂ ಇತ್ತು. 1929ರಿಂದ ಅಲ್ಲಿನ ಶರೀರಕ್ರಿಯಾ ಸಂಸ್ಥೆಯ ನಿರ್ದೇಶಕರಾದರು. 1939ರಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಪೂರ್ಣ ಸದಸ್ಯತ್ವ ದೊರೆಯಿತು. ಆ ಗೌರವ ಪಡೆದ ಮೊದಲ ಮಹಿಳೆ ಅವರು. ಯುದ್ಧದ ವರ್ಷಗಳಲ್ಲಿ, ಗಾಯಗೊಂಡು ಆಘಾತದಿಂದ ಕುಸಿದ ಸೈನಿಕರಿಗೆ ಕತ್ತಿನ ಹಿಂಭಾಗದಿಂದ ಮಿದುಳು ನೀರಿಗೇ ಮದ್ದು ಕೊಡುವ ಪದ್ಧತಿಯನ್ನು ಬಳಕೆಗೆ ತಂದರು. ಮುಂಬಾಗಿಲು ಬಿಡದಿದ್ದರೆ ಹಿತ್ತಿಲ ಬಾಗಿಲಿನಿಂದ ಎಂಬ ಉಪಾಯ!

ಆ ಕಾಲಕ್ಕೆ ಮಿದುಳು ಪೊರೆಯ ಕ್ಷಯವೆಂದರೆ ಸಾವೆಂದೇ ಲೆಕ್ಕ. ಹೆಚ್ಚಾಗಿ ಮಕ್ಕಳಿಗೇ ಬರುತ್ತಿದ್ದ ರೋಗ. ತಾಯಿ ತೊಡೆಯ ಮೇಲಿಟ್ಟುಕೊಂಡು ನೋಡುತ್ತಾ ಕೂರುವುದಲ್ಲದೆ ಮಾಡಲು ಏನೂ ಇರಲಿಲ್ಲ. 1943ರಲ್ಲಿ ಅಮೆರಿಕದಲ್ಲಿ, ವಾಕ್ಸ್‌ಮನ್ನರ ಪ್ರಯೋಗಶಾಲೆಯಲ್ಲಿ, ಆಲ್ಬರ್ಟ್ ಶಾಟ್ಸ್ ಎಂಬ ವಿದ್ಯಾರ್ಥಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೋಮೈಸಿನ್ನನ್ನು ಬೇರ್ಪಡಿಸಿದ. ಕ್ಷಯಕ್ಕೆ ಮೊತ್ತಮೊದಲ ನಿಜವಾದ ಮದ್ದು. ಶ್ವಾಸಕೋಶದ ಕ್ಷಯಕ್ಕೆ ಅದು ನಾಟಿತು. ಮಿದುಳಿನ ವಿಷಯದಲ್ಲಿ ತೊಡಕಾಯಿತು. ಸ್ಟ್ರೆಪ್ಟೋಮೈಸಿನ್ ನೀರಿನ ಪಂಗಡದ್ದು, ಮಿದುಳಿನ ಹೊಸ್ತಿಲನ್ನು ದಾಟುವುದು ಬಲು ಕಷ್ಟ. ರೋಗದಿಂದ ಪೊರೆ ಉರಿದಾಗ ಆ ತಡೆ ತುಸು ಸಡಿಲವಾಗಿ ಸ್ವಲ್ಪ ಮದ್ದು ಒಳಗೆ ಹೋಗುವುದುಂಟು. ಅಷ್ಟು ಸಾಲುವುದೋ ಇಲ್ಲವೋ ಎಂಬ ಭಯ ವೈದ್ಯರಿಗೆ. ಅದಕ್ಕೇ ಹಲವು ದೇಶಗಳಲ್ಲಿ ಸೊಂಟದ ಇಂಜೆಕ್ಷನ್ನಿನ ಜೊತೆಗೆ ಬೆನ್ನುನೀರಿಗೂ ಚುಚ್ಚತೊಡಗಿದರು.

ಮಾಸ್ಕೋದಲ್ಲಿ ಈ ದಾರಿಯನ್ನು ಹಿಡಿದವರು ಲೀನಾ ಸ್ಟರ್ನ್. ಆಗ ಅಲ್ಲಿ ಆ ಔಷಧ ಸಿಗುವುದೇ ದುರ್ಲಭ. ಅಮೆರಿಕದಲ್ಲಿ ನೆಲೆಸಿದ್ದ ಸಹೋದರನ ನೆರವಿನಿಂದ ತರಿಸಿಕೊಂಡು, ಮಕ್ಕಳಿಗೆ ತಲೆಬುರುಡೆಯ ಬುಡದಿಂದ ಮಿದುಳು ನೀರಿಗೇ ಕೊಡುವ ಚಿಕಿತ್ಸೆಯನ್ನು ನಡೆಸಿದರು. ಸಾಯಬೇಕಿದ್ದ ಮಕ್ಕಳಲ್ಲಿ ಕೆಲವರು ಎದ್ದು ಕೂತರು. ಎಷ್ಟೋ ವರ್ಷ ಹಿಂದೆ ಪ್ರಯೋಗಶಾಲೆಯಲ್ಲಿ ಕಂಡ ಸತ್ಯ, ಮಕ್ಕಳ ಹಾಸಿಗೆಯ ಪಕ್ಕದಲ್ಲಿ ಕೆಲಸಕ್ಕೆ ಬಂತು.

ಇಷ್ಟರಲ್ಲಿ ಅವರದೇ ಬಾಗಿಲು ತಟ್ಟಿದರು. ಹಿಟ್ಲರನ ವಿರುದ್ಧ ಜಗತ್ತಿನ ಯಹೂದಿಗಳ ಬೆಂಬಲ ಕೂಡಿಸಲೆಂದು 1942ರಲ್ಲಿ ಸೋವಿಯತ್ ಸರಕಾರವೇ ಮುಂದೆ ನಿಂತು ಯಹೂದಿ ಫ್ಯಾಸಿಸ್ಟ್ ವಿರೋಧಿ ಸಮಿತಿಯನ್ನು ಕಟ್ಟಿಸಿತ್ತು. ಲೀನಾ ಅದರ ಸದಸ್ಯೆ. ಯುದ್ಧ ಮುಗಿದ ಮೇಲೆ ಸ್ಟಾಲಿನ್‌ನ ಕಣ್ಣಿಗೆ ಅದೇ ಸಮಿತಿ ದೇಶದ್ರೋಹಿಗಳ ಕೂಟವಾಗಿ ಕಂಡಿತು. ಹೊರದೇಶದ ವಿಜ್ಞಾನಿಗಳೊಂದಿಗೆ ಪತ್ರವ್ಯವಹಾರ ಇಟ್ಟುಕೊಂಡದ್ದೂ ಅಪರಾಧವಾಯಿತು. 1948ರಲ್ಲಿ ಸಂಸ್ಥೆಯ ನಿರ್ದೇಶಕ ಸ್ಥಾನ ಹೋಯಿತು. 1949ರ ಜನವರಿಯಲ್ಲಿ ಬಂಧನ. ಆಗ ಅವರಿಗೆ ಎಪ್ಪತ್ತು ವರ್ಷ.

ಮೂರು ವರ್ಷಕ್ಕೂ ಮಿಕ್ಕಿ ಜೈಲು. 1952ರ ಮೇ ತಿಂಗಳಿಂದ ಜುಲೈವರೆಗೆ ಗುಟ್ಟಾಗಿ ವಿಚಾರಣೆ. ಆರೋಪಿಗಳು 15 ಮಂದಿ. ಕವಿಗಳು, ಲೇಖಕರು, ನಟ, ವೈದ್ಯರು. ಆಗಸ್ಟ್ 12ರಂದು 13 ಮಂದಿಯನ್ನು ಗುಂಡಿಟ್ಟು ಕೊಂದರು. ಮತ್ತೊಬ್ಬರು ವಿಚಾರಣೆಯ ನಡುವೆ ಪ್ರಜ್ಞೆ ತಪ್ಪಿ ಬಿದ್ದು, ಮುಂದೆ ಸೆರೆಯಲ್ಲೇ ತೀರಿಕೊಂಡರು. ಬದುಕಿ ಹೊರಬಂದವರು ಲೀನಾ ಸ್ಟರ್ನ್ ಒಬ್ಬರೇ. ಅವರಿಗೆ ಮೂರೂವರೆ ವರ್ಷ ಸೆರೆ, ಐದು ವರ್ಷ ಗಡೀಪಾರು ಎಂದು ತೀರ್ಪು. ಎಪ್ಪತ್ತನಾಲ್ಕರ ಮುದುಕಿಯನ್ನು ಕಜಕಿಸ್ತಾನದ ಜಂಬೂಲ್ ಎಂಬ ದೂರದ ಊರಿಗೆ ಕಳಿಸಿದರು. 1953ರ ಮಾರ್ಚಿನಲ್ಲಿ ಸ್ಟಾಲಿನ್ ಸತ್ತ ಮೇಲೆ ಆ ವರ್ಷವೇ ಅವರು ಮಾಸ್ಕೋಗೆ ಮರಳಿದರು. 1954ರಿಂದ ಮತ್ತೆ ಪ್ರಯೋಗಶಾಲೆ. 1968ರಲ್ಲಿ, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಕೆಲಸ ಬಿಡಲಿಲ್ಲ.

ಈ ಇಸವಿಗಳನ್ನು ಓದುವಾಗ ನನ್ನ ಮನಸ್ಸು ನಮ್ಮ ಮನೆಯ ಲೆಕ್ಕವನ್ನು ಜೋಡಿಸಿಕೊಳ್ಳುತ್ತದೆ. ಆಕೆ ಗಡೀಪಾರಿನಿಂದ ಮರಳಿದ 1953ರಲ್ಲೇ ನಮ್ಮ ಅಣ್ಣ ಆಸ್ಪತ್ರೆಯ ಮೇಜಿನ ಮೇಲೆ ಬಿಲ್ಲಿನಂತೆ ಬಾಗಿ ಮಲಗಿದ್ದ. ಅವನ ಬೆನ್ನಿಗೆ ಸೂಜಿ ಹಾಕಿದ ವೈದ್ಯರು ಲೀನಾರ ಹೆಸರು ಕೇಳಿದ್ದರೋ ಇಲ್ಲವೋ. ಆದರೆ ಸೊಂಟದ ಇಂಜೆಕ್ಷನ್ ಸಾಲದು, ಬೆನ್ನಿಗೂ ಬೇಕು ಎಂದು ಅವರಿಗೆ ಹೇಳಿಕೊಟ್ಟದ್ದು ಬಣ್ಣದ ಬಾಟಲಿಯಿಂದ ಹೊರಟು ಜಿನೀವಾದಲ್ಲಿ ಹೆಸರು ಪಡೆದ ಅದೇ ತಿಳಿವಳಿಕೆ.

ಹಾಗಾದರೆ ಕಿವಿ? ಕೆಲವು ಸಲ ಈ ರೋಗವೇ ಕಿವಿಯ ನರವನ್ನು ಕೆಡಿಸುತ್ತದೆ. ಮದ್ದಿನದೂ ಪಾಲಿರುತ್ತದೆ. ಸ್ಟ್ರೆಪ್ಟೋಮೈಸಿನ್ ಮತ್ತು ಅದರ ಬಳಗದ ಮದ್ದುಗಳು ಒಳಗಿವಿಯ ದ್ರವಕ್ಕೆ ಇಳಿದು, ಅಲ್ಲಿನ ರೋಮಕೋಶಗಳೆಂಬ ಸೂಕ್ಷ್ಮ ಕೋಶಗಳನ್ನು ಹೊಗುತ್ತವೆ. ರಕ್ತದಿಂದ ಮದ್ದು ಕೆಲವು ಗಂಟೆಗಳಲ್ಲಿ ಮೂತ್ರದ ಮೂಲಕ ಹೊರಟುಹೋಗುತ್ತದೆ. ಒಳಗಿವಿಯ ಕೋಶಗಳಿಂದ ಹೋಗುವುದಿಲ್ಲ, ಬಹುಕಾಲ ಉಳಿಯುತ್ತದೆ. ಶಬ್ದವನ್ನೂ ಮೈಯ ಸಮತೋಲವನ್ನೂ ತಿಳಿಸುವ ಈ ಕೋಶಗಳು ಒಮ್ಮೆ ಸತ್ತರೆ ನಮ್ಮಲ್ಲಿ ಮತ್ತೆ ಹುಟ್ಟುವುದಿಲ್ಲ. ಆ ಮದ್ದಿನಿಂದ ಬದುಕಿದ ಮಕ್ಕಳಲ್ಲಿ ಕಿವಿ ಕಳೆದುಕೊಂಡವರು ಎಲ್ಲ ದೇಶಗಳಲ್ಲೂ ಇದ್ದರು. ದೊಡ್ಡಮ್ಮ ಹೇಳಿದ್ದು ಅಕ್ಷರಶಃ ನಿಜ. ಅದು ತಲೆಗೆ ಹೋಗಲೊಲ್ಲದು, ಕಿವಿಗೆ ಹೋದರೆ ಏಳಲೊಲ್ಲದು.

1952ರಲ್ಲಿ, ಮಾಸ್ಕೋದ ವಿಚಾರಣೆ ನಡೆದ ವರ್ಷವೇ, ಐಸೋನಿಯಾಜಿಡ್ ಎಂಬ ಕ್ಷಯದ ಹೊಸ ಮಾತ್ರೆ ಬೆಳಕಿಗೆ ಬಂತು. ಪುಟ್ಟ ಅಣು, ಅಗ್ಗದ ಮದ್ದು. ನುಂಗಿದರೆ ಸಾಕು, ಮಿದುಳು ನೀರಿಗೆ ಸಲೀಸಾಗಿ ಸೇರಿಕೊಳ್ಳುತ್ತದೆ. ಅದು ಊರೂರಿಗೆ ಹರಡಿದ ಮೇಲೆ ಮಕ್ಕಳ ಬೆನ್ನಿಗೆ ದಿನದಿನವೂ ಚುಚ್ಚುವ ಹಿಂಸೆ ಮೆಲ್ಲಮೆಲ್ಲನೆ ನಿಂತಿತು. ಅಣ್ಣನ ಪಾಲಿಗೆ ಅದು ಒಂದೆರಡು ವರ್ಷ ತಡವಾಯಿತು, ಅಷ್ಟೆ.

ಹೊಸ್ತಿಲು ಎಲ್ಲಿದೆ ಎಂದು ಕಣ್ಣಾರೆ ಕಂಡದ್ದು ಮಾತ್ರ 1967ರಲ್ಲಿ. ಅಮೆರಿಕದ ಥಾಮಸ್ ರೀಸ್ ಮತ್ತು ಮೋರಿಸ್ ಕಾರ್ನೋವ್ಸ್ಕಿ ಇಲಿಯ ಮಿದುಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೈಯ ಬೇರೆ ಕಡೆ ಸಣ್ಣ ರಕ್ತನಾಳಗಳ ಗೋಡೆಯ ಕೋಶಗಳ ನಡುವೆ ಸಂದಿ ಇರುತ್ತದೆ. ಮಿದುಳಿನಲ್ಲಿ ಆ ಕೋಶಗಳು ಹೊಲಿಗೆ ಹಾಕಿದಂತೆ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ದಾಟಬೇಕೆಂದರೆ ಕೋಶದ ಕೊಬ್ಬಿನ ಪೊರೆಯಲ್ಲೇ ಹಾಯಬೇಕು, ಇಲ್ಲವೇ ಅಲ್ಲಿನ ವಿಶೇಷ ಬಾಗಿಲುಗಳ ಮೂಲಕ ಬರಬೇಕು. ಆಗ ಲೀನಾ ಸ್ಟರ್ನ್ ಇನ್ನೂ ಬದುಕಿದ್ದರು.

ಅದೇ 1967ರಲ್ಲಿ ಡಾ. ಕೋಟ್ಸಿಯಾಸ್ ಎಂಬವರು ಕೈಕಾಲು ನಡುಗಿಸುವ ಪಾರ್ಕಿನ್ಸನ್ ಕಾಯಿಲೆಗೆ ಲೀವೋಡೋಪಾದ ಪ್ರಯೋಜನವನ್ನು ತೋರಿಸಿದರು. ಆ ರೋಗಿಗಳ ಮಿದುಳಿಗೆ ಬೇಕಾದದ್ದು ಡೋಪಮೈನ್. ಅದನ್ನೇ ಕೊಟ್ಟರೆ ಹೊಸ್ತಿಲು ದಾಟದು. ಲೀವೋಡೋಪಾ, ಆಹಾರದ ಅಮೈನೋ ಆಮ್ಲಗಳು ಹೋಗುವ ಬಾಗಿಲಿನಿಂದ ಒಳಗೆ ಹೋಗಿ ಅಲ್ಲಿ ಡೋಪಮೈನ್ ಆಗುತ್ತದೆ. ನಾವು ನೆಗಡಿಗೆ ನುಂಗುತ್ತಿದ್ದ ಹಳೆಯ ಮಾತ್ರೆ ಕ್ಲೋರ್‌ಫೆನಿರಮೈನ್ ಮೂಗು ನಿಲ್ಲಿಸುವುದರ ಜೊತೆಗೆ ಮಧ್ಯಾಹ್ನವೆಲ್ಲ ತೂಕಡಿಸುವಂತೆ ಮಾಡುತ್ತಿದ್ದುದೂ ಅದು ಮಿದುಳಿಗೆ ಹೋಗುವುದರಿಂದಲೇ. ಮುಂದೆ ಬಂದ ಫೆಕ್ಸೊಫೆನಡೀನ್‌ನಂಥ ಮಾತ್ರೆಗಳನ್ನು ಆ ಹೊಸ್ತಿಲು ಹೊರಗೇ ನಿಲ್ಲಿಸುತ್ತದೆ, ಹಾಗಾಗಿ ನಿದ್ದೆ ಕಡಿಮೆ.

ಇಲ್ಲದ ಬಾಗಿಲನ್ನು ಇದೆಯೆಂದು ನಂಬಿ ಕೆಟ್ಟದ್ದೂ ಉಂಟು. ತಾಯಿಯ ರಕ್ತದಲ್ಲಿರುವುದನ್ನೆಲ್ಲ ಮಾಸು ಸೋಸಿ, ಗರ್ಭದ ಕೂಸನ್ನು ಕಾಯುತ್ತದೆಂದು ಬಹುಕಾಲ ಬಹುಮಂದಿ ವೈದ್ಯರು ನಂಬಿದ್ದರು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ದೆಮಾತ್ರೆ ಮಾರಾಟಕ್ಕೆ ಬಂತು. ಹಲವು ದೇಶಗಳ ಬಸುರಿಯರು ವಾಕರಿಕೆಗೂ ಅದನ್ನು ನುಂಗಿದರು. 1961ರಲ್ಲಿ ಅಪಾಯ ಬಯಲಾಗುವಷ್ಟರಲ್ಲಿ ಕೈಕಾಲು ಬೆಳೆಯದ ಮಕ್ಕಳು ಸಾವಿರಗಟ್ಟಲೆ ಹುಟ್ಟಿದ್ದರು. ಒಟ್ಟು ಹತ್ತು ಸಾವಿರಕ್ಕೂ ಹೆಚ್ಚೆಂದು ಅಂದಾಜು. ಅಮೆರಿಕದಲ್ಲಿ ಅದರ ಮಾರಾಟಕ್ಕೆ ಒಪ್ಪಿಗೆ ಕೊಡದೆ ಹಟ ಹಿಡಿದವರೂ ಒಬ್ಬ ಹೆಂಗಸೇ, ಔಷಧ ನಿಯಂತ್ರಣ ಇಲಾಖೆಯ ಫ್ರಾನ್ಸಿಸ್ ಕೆಲ್ಸಿ. ಇನ್ನೂ ಪುರಾವೆ ಬೇಕು ಎಂದು ಮತ್ತೆ ಮತ್ತೆ ಕೇಳಿ ಕಂಪನಿಯವರನ್ನು ಹಿಂದಕ್ಕೆ ಕಳಿಸಿದರು. ಅನೇಕ ಮದ್ದುಗಳು ಮಾಸನ್ನು ದಾಟುತ್ತವೆ, ಬಹುಪಾಲು ಮದ್ದುಗಳು ಅಲ್ಪಸ್ವಲ್ಪವಾದರೂ ಮೊಲೆಹಾಲಿಗೆ ಬರುತ್ತವೆ. ಬಸುರಿ, ಬಾಣಂತಿಯರು ಪಕ್ಕದ ಮನೆಯವರ ಮಾತ್ರೆಯನ್ನು ಕೇಳಿ ನುಂಗಬಾರದು, ವೈದ್ಯರನ್ನು ಕೇಳದೆ ನಡೆಯುತ್ತಿರುವ ಮದ್ದನ್ನು ನಿಲ್ಲಿಸಲೂಬಾರದು ಎನ್ನುವುದು ಅದಕ್ಕೇ.

ಈಗ ನಮ್ಮಲ್ಲಿ ಹುಟ್ಟಿದ ಕೂಸಿನ ಎಡತೋಳಿಗೆ ಬಿ.ಸಿ.ಜಿ. ಚುಚ್ಚುತ್ತಾರೆ. ಅದು ಎಲ್ಲ ಬಗೆಯ ಕ್ಷಯವನ್ನೂ ತಡೆಯಲಾರದು. ಆದರೆ ಮಕ್ಕಳಿಗೆ ಬರುವ ಈ ಮಿದುಳು ಪೊರೆಯ ಕ್ಷಯದಿಂದ ಬಹುಮಟ್ಟಿಗೆ ಕಾಯುತ್ತದೆ. ಮೊಮ್ಮಗಳ ತೋಳಿನ ಮೇಲಿನ ಆ ಪುಟ್ಟ ಕಲೆಯನ್ನು ಕಂಡಾಗಲೆಲ್ಲ ನನಗೆ ದೊಡ್ಡಮ್ಮನ ಬರಿಗೊರಳು ನೆನಪಾಗುತ್ತದೆ.

ಈ ಉತ್ತರವನ್ನೆಲ್ಲ ಕೂಡಿಸಿಕೊಳ್ಳುವಷ್ಟರಲ್ಲಿ ಕೇಳಬೇಕಾದ ದೊಡ್ಡಮ್ಮನೇ ಇರಲಿಲ್ಲ. ಕೊನೆಯವರೆಗೂ ಅವರಿಗೊಂದು ಅಳುಕಿತ್ತು. ಬೆನ್ನಿಗೆ ಚುಚ್ಚುವುದು ಬೇಡವೆಂದು ತಾವು ಅಡ್ಡ ನಿಂತಿದ್ದರೆ ಮಗನ ಕಿವಿ ಉಳಿಯುತ್ತಿತ್ತೇನೋ ಎಂಬ ಅಳುಕು. ಅಡ್ಡ ನಿಂತಿದ್ದರೆ ಮಗನೇ ಉಳಿಯುತ್ತಿದ್ದನೋ ಇಲ್ಲವೋ ಎಂದು ಆಗ ನಾನು ಹೇಳಬಹುದಿತ್ತು. ತಿದ್ದುವ ಉತ್ಸಾಹವಿತ್ತು, ತಿಳಿವಳಿಕೆ ಇರಲಿಲ್ಲ.

ಅಣ್ಣನಿಗೆ ಈಗ ಎಪ್ಪತ್ತೈದು ದಾಟಿದೆ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸ ಮಾಡಿದವನು. ಅಲ್ಲಿನ ಯಂತ್ರಗಳ ಗದ್ದಲ ಅವನಿಗೊಬ್ಬನಿಗೇ ಬಾಧಿಸುತ್ತಿರಲಿಲ್ಲ. ನನ್ನ ಬರಹಗಳ ಕರಡು ತಿದ್ದುವವನು ಅವನೇ. ಈ ಲೇಖನವನ್ನೂ ಕೊಟ್ಟೆ. ಕನ್ನಡಕ ಏರಿಸಿಕೊಂಡು ಬೆರಳು ಓಡಿಸುತ್ತಾ ಓದಿದ. ಎರಡು ಕಡೆ ಒತ್ತಕ್ಷರ ಸರಿಮಾಡಿದ. ಲೀನಾ ಸ್ಟರ್ನ್ ಜೈಲಿಗೆ ಹೋದ ಪುಟವನ್ನು ಎರಡು ಸಲ ಓದಿದ. ಆಮೇಲೆ ಪೆನ್ಸಿಲಿನಿಂದ ಅಂಚಿನಲ್ಲಿ ಏನೋ ಬರೆದು ನನ್ನ ಕಡೆ ತಳ್ಳಿದ.

“ಅಮ್ಮ ಸರಿಯಾಗೇ ಹೇಳಿದ್ದಳು. ನೀನು ಒಪ್ಪಿಕೊಂಡದ್ದು ತಡವಾಯಿತು.”